ಬುಧವಾರದ ಗಣಪತಿ, ಶನಿವಾರದ ಆಟ

ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ನನ್ನ ಗಂಡ ಗುರುಶಾಂತಪ್ಪನವರಿಗೆ ಒಂದು ಆಸೆ ಹುಟ್ಟುತ್ತದೆ, ಅಕ್ಟೋಬರ್ ಬರುವಷ್ಟರಲ್ಲಿ ಸಾಯುತ್ತದೆ. ದಕ್ಷಿಣ ಕೆರೊಲೈನಾದ ಬ್ರಾಡ್ ರಿವರ್ ಸ್ಟೇಟ್ ಎಂಬ ಕಾಲೇಜಿನ ಫುಟ್‌ಬಾಲ್ ತಂಡ ಈ ವರ್ಷ ಗೆದ್ದೇ ಗೆಲ್ಲುತ್ತದೆ ಎಂಬುದು ಆ ಆಸೆ. ಕಾಲಲ್ಲಿ ಒದೆಯುವ ನಮ್ಮೂರ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಆಟ. ತಂಡದ ಹೆಸರು ಹೆರಾನ್ಸ್, ಅಂದರೆ ಕೊಕ್ಕರೆಗಳು. ಹೆಸರಿಗೆ ತಕ್ಕ ಹಾಗೆ ಒಂಟಿ ಕಾಲಲ್ಲಿ ನಿಂತಿರುವ ತಂಡ ಎಂದು ನಾನು ಅಣಕಿಸುತ್ತೇನೆ. ಇವರು ನಗುವುದಿಲ್ಲ.

ಸೀಸನ್ ಶುರುವಾಗುವ ಮೊದಲು ಆ ಭಾಗದ ಕೋಚ್‌ಗಳೆಲ್ಲ ಸೇರಿ ಯಾವ ತಂಡ ಎಷ್ಟನೆಯ ಸ್ಥಾನಕ್ಕೆ ಬರಬಹುದು ಎಂದು ಮತ ಹಾಕುತ್ತಾರೆ. ಕೊಕ್ಕರೆಗಳಿಗೆ ಕಟ್ಟಿಟ್ಟ ಜಾಗ ಕೊನೆಯಿಂದ ಎರಡನೆಯದು. ಕಳೆದ ವರ್ಷ, 2025ರಲ್ಲೂ ಅದೇ ಆಯಿತು. ಇವರು ಅಲ್ಲಿಂದ ಕಾರಿನಲ್ಲಿ ಏಳೆಂಟು ಗಂಟೆ ದೂರದ ಸೆಂಟರ್‌ವಿಲ್‌ನ ನಮ್ಮ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತು ಆ ಕೋಚ್‌ಗಳನ್ನೆಲ್ಲ ಬೈದರು.

"ಇವರಿಗೇನ್ ತಿಳೀತದ? ಮುಂದಿನ ಸಾಲಿನ ಐದೂ ಹುಡುಗ್ರು ವಾಪಸ್ ಬಂದಾರ. ಒಬ್ಬನ ಮೊಣಕಾಲೂ ಕೆಟ್ಟಿಲ್ಲ. ಎಡಗಡೆ ನಿಲ್ತಾನಲ್ಲ, ಅವನ ಭುಜದ ಆಪರೇಷನ್ ಆಗಿ ವರ್ಷಾತು, ಈಗ ಗಟ್ಟಿ ಆಗ್ಯದ. ಈ ಸಲ ಆರು ಮ್ಯಾಚ್ ಗೆಲ್ತಾರ ನೋಡು."

"ಹೋದ ವರ್ಷಾನೂ ಹಿಂಗ ಅಂದಿದ್ರಿ. ಎರಡು ಗೆದ್ರು."

"ಹೋದ ವರ್ಷ ಹ್ಯಾಮ್‌ಸ್ಟ್ರಿಂಗ್ ಭಾಳ ಹರಿದ್ವು," ಎಂದರು, ಅದು ತಮ್ಮದೇ ತೊಡೆಯೇನೋ ಎಂಬಂತೆ.

ಇವರು ಹೃದಯದ ಡಾಕ್ಟರು, ನಾನು ಮಕ್ಕಳ ಡಾಕ್ಟರು; ಇಬ್ಬರೂ ನಿವೃತ್ತರು. ಕಲಬುರಗಿಯಿಂದ ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದ ನಮಗೆ ಈ ಆಟದ ಗಂಧವೂ ಇರಲಿಲ್ಲ. ಇವರಿಗೆ ಅಂಟಿಕೊಂಡದ್ದು 2019ರಲ್ಲಿ, ನಮ್ಮ ಒಬ್ಬಳೇ ಮಗಳು ಸೋನಾಲಿ ಆ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಸೋನಾಲಿ ಮೆಡಿಕಲ್ ಓದುತ್ತಿದ್ದಳು. ಎರಡನೆಯ ವರ್ಷದಲ್ಲಿ ಬಿಟ್ಟಳು. ಬಿಟ್ಟು ಅಥ್ಲೆಟಿಕ್ ಟ್ರೈನರ್ ಆಗಲು ಓದಿದಳು: ಆಟಗಾರರಿಗೆ ಪೆಟ್ಟಾದಾಗ ಮೊದಲು ಓಡುವವರು, ಕಾಲಿಗೆ ಪಟ್ಟಿ ಸುತ್ತುವವರು, ಈ ಹುಡುಗ ಇವತ್ತು ಆಡಬಹುದೋ ಬೇಡವೋ ಎಂದು ಹೇಳುವವರು. ಹುಚ್ಚು ಇಳಿದ ಮೇಲೆ ವಾಪಸ್ ಬರುತ್ತಾಳೆ ಎಂದು ಇವರು ಕಾದರು. ಅವಳು ಬ್ರಾಡ್ ರಿವರ್‌ನಲ್ಲಿ ಕೆಲಸ ಸಿಕ್ಕಿತು ಎಂದು ಸ್ವೀಟ್ ಬಾಕ್ಸ್ ತಂದಿಟ್ಟ ದಿನ, "ಬಿದ್ದ ಹುಡುಗ್ರಿಗೆ ಐಸ್ ಹಚ್ಚೂ ಕೆಲಸಕ್ಕ ನನ್ನ ಹೆಸರು ಹೇಳ್ಕೋಬ್ಯಾಡ" ಎಂದುಬಿಟ್ಟರು. ಮಗಳು ಬಾಕ್ಸ್ ಮುಚ್ಚಿದಳು. ಅಪ್ಪನ ಮೂಗು, ಅಪ್ಪನ ಹಟ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

ಮಾತಿಲ್ಲ, ಆದರೆ ಮೊದಲ ಸೆಪ್ಟೆಂಬರ್‌ನಲ್ಲೇ ನಮ್ಮ ಬೇಸ್‌ಮೆಂಟ್‌ನ ಟೀವಿಯಲ್ಲಿ ಕೊಕ್ಕರೆಗಳು ಕಾಣಿಸಿಕೊಂಡವು. ಇವರು ತೊಡೆಯ ಮೇಲೆ ಮೆಡಿಕಲ್ ಜರ್ನಲ್ ಇಟ್ಟುಕೊಂಡು ಸೋಫಾದಲ್ಲಿ ಕೂತಿರುತ್ತಿದ್ದರು. ನಾನು ಮೊದಲು ಏನೋ ಮನುಷ್ಯನಿಗೆ ಬೇಜಾರು ಕಳೆಯಲು ಒಂದು ದಾರಿ ಅಂದುಕೊಂಡೆ. ಒಂದು ಶನಿವಾರ ಕಾಫಿ ಕೊಡಲು ಹೋದಾಗ ನಮ್ಮ ತಂಡದ ಹುಡುಗನೊಬ್ಬ ಬಿದ್ದು ಹೊರಳಾಡುತ್ತಿದ್ದ. ಇವರು ಜರ್ನಲ್ ಬಿಸಾಕಿ ಟೀವಿ ಮುಂದೆ ಬಗ್ಗಿ ನಿಂತರು. ಮುಖ ಅರಳಿತ್ತು. ನನಗೆ ಗಾಬರಿಯಾಯಿತು. ಆಗ ನೀಲಿ ಅಂಗಿ ಹಾಕಿದ ಒಬ್ಬ ಹುಡುಗಿ ಬ್ಯಾಗ್ ಹಿಡಿದು ಓಡಿ ಬಂದು ಆ ಹುಡುಗನ ಪಕ್ಕ ಮಂಡಿಯೂರಿದಳು. ಸೋನಾಲಿ. ಹುಡುಗ ಎದ್ದ, ಅವಳು ಅವನ ಸೊಂಟ ಹಿಡಿದು ಹೊರಗೆ ಕರೆದುಕೊಂಡು ಹೋದಳು, ಕ್ಯಾಮೆರಾ ಬೇರೆ ಕಡೆ ತಿರುಗಿತು. ಇವರು ಮತ್ತೆ ಜರ್ನಲ್ ಎತ್ತಿಕೊಂಡರು.

"ಆಕಿಗಿ ಹೇಳಬ್ಯಾಡ," ಎಂದರು ನನ್ನ ಮುಖ ನೋಡದೆ. ನಾನು ಹೇಳಲಿಲ್ಲ. ಹೇಳಬೇಕಿತ್ತೋ ಏನೋ, ಆದರೆ ಗಂಡನ ಗುಟ್ಟೊಂದು, ಮಗಳ ಗುಟ್ಟೊಂದು ಇಟ್ಟುಕೊಂಡು ಸಂಸಾರ ನಡೆಸುವುದು ನಮ್ಮ ಕಡೆ ಹೆಂಗಸರಿಗೆ ಹೊಸದಲ್ಲ.

ಕೊರೊನಾ ವರ್ಷ ಎಲ್ಲರ ಮುಖಕ್ಕೂ ಮಾಸ್ಕ್ ಇತ್ತು. ಇವರು ಓಡುವ ರೀತಿ ನೋಡಿಯೇ ಮಗಳನ್ನು ಗುರುತು ಹಿಡಿಯುತ್ತಿದ್ದರು. ನಾನು ಪ್ರತಿ ಏಪ್ರಿಲ್‌ನಲ್ಲಿ ಅಟ್ಲಾಂಟಾದ ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ ದಾರಿಯಲ್ಲಿ ಮಗಳ ಹತ್ತಿರ ನಾಲ್ಕು ದಿನ ಇದ್ದು ಬರುತ್ತಿದ್ದೆ. ಹೊರಡುವ ಹಿಂದಿನ ದಿನ ಇವರು ತಾವೇ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಕುಟ್ಟಿ ಡಬ್ಬಿ ತುಂಬಿಸಿ ನನ್ನ ಬ್ಯಾಗ್ ಪಕ್ಕ ಇಡುತ್ತಿದ್ದರು. ನನ್ನ ತಂಗಿಗೆ ಶೇಂಗಾ ಮುಟ್ಟಿದರೆ ಮೈಯೆಲ್ಲ ದದ್ದು. ಅದು ಇವರಿಗೂ ಗೊತ್ತು.

ಇವರು ತಂಡದ ಗೆಲುವಿಗೆ ಯಾಕೆ ಹಾತೊರೆಯುತ್ತಿದ್ದರು ಎಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಸೋಲುವ ತಂಡದ ಆಟವನ್ನು ದೊಡ್ಡ ಚಾನೆಲ್‌ಗಳು ತೋರಿಸುವುದಿಲ್ಲ. ಎಲ್ಲೋ ಮೇಲೆ ಕಟ್ಟಿದ ಒಂದೆರಡು ಕ್ಯಾಮೆರಾದಲ್ಲಿ ಇಂಟರ್‌ನೆಟ್‌ಗೆ ಬಿಡುತ್ತಾರೆ, ಅದರಲ್ಲಿ ಮನುಷ್ಯರು ಇರುವೆಗಳ ಹಾಗೆ ಕಾಣುತ್ತಾರೆ. ಆರು ಮ್ಯಾಚ್ ಗೆದ್ದರೆ ಸೀಸನ್ ಕೊನೆಯಲ್ಲಿ ಇನ್ನೊಂದು ದೊಡ್ಡ ಪಂದ್ಯ ಸಿಗುತ್ತದೆ, ದೊಡ್ಡ ಚಾನೆಲ್ ಬರುತ್ತದೆ, ಮೈದಾನದ ಅಂಚಿನಲ್ಲೇ ಕ್ಯಾಮೆರಾಗಳು ಓಡಾಡುತ್ತವೆ. ಮಗಳ ಮುಖ ಹತ್ತಿರದಿಂದ ಕಾಣಬಹುದು. ಇವರ ಅಭಿಮಾನದ ಒಳಗುಟ್ಟು ಇಷ್ಟೇ.

ಕಳೆದ ವರ್ಷ ಜೂನ್‌ನಲ್ಲಿ ಸೋನಾಲಿ ಹೆಡ್ ಟ್ರೈನರ್ ಆದಳು. ಜುಲೈನ ಒಂದು ಭಾನುವಾರ ಫೋನ್ ಮಾಡಿದಳು.

"ಅಮ್ಮ, ಫಸ್ಟ್ ಗೇಮ್‌ಗೆ ನನಗೆ ಎರಡು ಫ್ಯಾಮಿಲಿ ಪಾಸ್ ಕೊಡ್ತಾರೆ. ಆಗಸ್ಟ್ ಥರ್ಟಿಯತ್, ಸ್ಯಾಟರ್‌ಡೇ. ನೀವಿಬ್ರೂ ಬನ್ನಿ." ಒಂದು ಕ್ಷಣ ಬಿಟ್ಟು, "ಓನ್ಲಿ ಇಫ್ ಅಪ್ಪ ವಾಂಟ್ಸ್ ಟು," ಎಂದಳು.

ಆರು ವರ್ಷದಲ್ಲಿ ಅವಳು ಅಪ್ಪನನ್ನು ಕರೆದದ್ದು ಅದೇ ಮೊದಲು. ನಾನು ಹೇಳಿದಾಗ ಇವರು ಹಿತ್ತಲಲ್ಲಿ ಮೆಣಸಿನ ಗಿಡಕ್ಕೆ ನೀರು ಬಿಡುತ್ತಿದ್ದರು. "ನೋಡೋಣು," ಎಂದರು. ಗಿಡದ ಬುಡ ಕೆಸರಾಗುವವರೆಗೂ ಪೈಪ್ ಅಲ್ಲಾಡಲಿಲ್ಲ. ಮಾರನೆಯ ದಿನವೇ ಒಂದು ಬಿಳಿ ಶರ್ಟ್ ಇಸ್ತ್ರಿಯಾಗಿ ಬೀರುವಿನಲ್ಲಿ ನೇತಾಡುತ್ತಿತ್ತು. ಹೋಗುವುದು ಇನ್ನೂ ಆರು ವಾರಕ್ಕೆ!

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಇವರು ನಮ್ಮ ಕನ್ನಡ ಸಂಘದ ಪ್ರೆಸಿಡೆಂಟು. ಅಮೆರಿಕದಲ್ಲಿ ನಮ್ಮ ಹಬ್ಬಗಳಿಗೆಲ್ಲ ಒಂದೇ ವಾರ, ಶನಿವಾರ. ಯುಗಾದಿ ಮಂಗಳವಾರ ಬಂದರೂ ಶನಿವಾರ, ದೀಪಾವಳಿ ಸೋಮವಾರ ಬಂದರೂ ಶನಿವಾರ. ಕಳೆದ ವರ್ಷ ಗಣೇಶ ಚೌತಿ ಬುಧವಾರ ಬಿತ್ತು. ಅದರ ಮುಂದಿನ ಶನಿವಾರ ಯಾವುದು? ಆಗಸ್ಟ್ ಮೂವತ್ತು.

ನೇರವಾಗಿ "ನಾನು ಮಗಳ ಹತ್ತಿರ ಹೋಗಬೇಕು, ಈ ಸಲ ನನ್ನನ್ನು ಬಿಡಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸಂಘದಲ್ಲಿ ಯಾರಾದರೂ ಮಗಳ ಸುದ್ದಿ ಕೇಳಿದರೆ ಇವರು ಇಷ್ಟು ವರ್ಷ "ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿದ್ದಾಳೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಜನ ಡಾಕ್ಟರ್ ಅಂದುಕೊಂಡಿದ್ದರು. ಈಗ ಮಗಳ ಮಾತು ತೆಗೆದರೆ ಎಲ್ಲಿ, ಯಾವ ಆಸ್ಪತ್ರೆ, ಯಾಕೆ ಮನೆಗೆ ಬರುವುದಿಲ್ಲ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಆದ್ದರಿಂದ ಇವರು ಬೇರೆ ದಾರಿ ಹಿಡಿದರು.

ಕಮಿಟಿ ಮೀಟಿಂಗ್ ಶ್ಯಾಂಟಿಲಿಯಲ್ಲಿ ರವಿಶಂಕರ್ ಮನೆಯಲ್ಲಿತ್ತು. ರವಿಶಂಕರ್ ಸಂಘದ ಸೆಕ್ರೆಟರಿ, ರೆಸ್ಟನ್‌ನಲ್ಲಿ ಇಂಜಿನಿಯರ್.

"ಅಂಕಲ್, ಥರ್ಟಿಯತ್‌ಗೆ ಸ್ಕೂಲ್ ಹಾಲ್ ಬುಕ್ ಮಾಡ್ಬಿಡ್ತೀನಿ. ಲಾಂಗ್ ವೀಕೆಂಡ್ ಬೇರೆ, ಜನ ಬರ್ತಾರೆ," ಎಂದ.

ಇವರು ಗಂಟಲು ಸರಿಮಾಡಿಕೊಂಡರು. "ಚೌತಿ ಬುಧವಾರ ಅದ. ನಿಮ್ಮ ಮಗನ ಬರ್ತ್‌ಡೇ ಶನಿವಾರಕ್ಕ ಹಾಕ್ತೀರಿ, ಹಾಕ್ರಿ. ದೇವರ ದಿನಾನೂ ನಿಮ್ಮ ರಜಾಕ್ಕ ಎಳೀಬೇಕೇನು? ತಿಥಿ ಅಂದ್ರ ತಿಥಿ. ಈ ವರ್ಷ ಬುಧವಾರನ ಕೂಡಸೋಣು."

ನಾನು ತಿನ್ನುತ್ತಿದ್ದ ಚಕ್ಕುಲಿ ಬಾಯಲ್ಲೇ ಉಳಿಯಿತು. ನಾವು ಲಿಂಗಾಯತರು. ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವ ಈ ಮನುಷ್ಯ ಜೀವಮಾನದಲ್ಲಿ ತಿಥಿ ನಕ್ಷತ್ರ ಕೇಳಿದವರಲ್ಲ. ನಮ್ಮ ಮದುವೆಯನ್ನೇ ಆಸ್ಪತ್ರೆಯ ಡ್ಯೂಟಿ ನೋಡಿ ಇಟ್ಟುಕೊಂಡವರು. ಹಿಂದೆ ಯಾರೋ ತಿಥಿಯ ಮಾತೆತ್ತಿದಾಗ "ಶರಣರಿಗೆ ಎಲ್ಲಾ ದಿನಾನೂ ಒಳ್ಳೇವ" ಎಂದು ಉಪನ್ಯಾಸ ಕೊಟ್ಟಿದ್ದವರೂ ಇವರೇ.

ಪೂಜೆ ಪಂಚಾಂಗದ ವಿಷಯದಲ್ಲಿ ಸಂಘದಲ್ಲಿ ಕೊನೆಯ ಮಾತು ಅಶ್ವತ್ಥ ಅವರದು. ಮೈಸೂರಿನವರು, ನಿವೃತ್ತ ವಿಜ್ಞಾನಿ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಇವರನ್ನು ಸ್ವಲ್ಪ ಹೊತ್ತು ನೋಡಿದರು. "ನನ್ನ ಒಪ್ಪಿಗೆ ಇದೆ," ಎಂದರು.

ಅಶ್ವತ್ಥರೇ ಒಪ್ಪಿದ ಮೇಲೆ ಇನ್ನೇನು? ಜನ ಇವರನ್ನು ಹೊಗಳಿದ್ದೇ ಹೊಗಳಿದ್ದು. ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಮೇಲೆ ರವಿಶಂಕರ್ ತಲೆ ಕೆರೆದುಕೊಂಡ.

"ಬಟ್ ಅಂಕಲ್, ವೀಕ್‌ಡೇ ಸ್ಕೂಲ್ ಹಾಲ್ ಕೊಡಲ್ಲ. ಸ್ಕೂಲ್ ಓಪನ್ ಆಗಿರುತ್ತೆ. ನಿಮ್ಮ ಬೇಸ್‌ಮೆಂಟ್ ದೊಡ್ಡದಿದೆ ಅಲ್ವಾ?"

ಬುಧವಾರ ಸಂಜೆ ಕೂಡಿಸಿ ಅದೇ ಸಂಜೆ ಕಳಿಸಿದರಾಯಿತು ಎಂದು ಲೆಕ್ಕ ಹಾಕಿ ಇವರು "ಆಗಲಿ" ಎಂದರು.

"ಸೂಪರ್! ಹಾಗಿದ್ರೆ ನಿಮ್ಮ ನಾರ್ತ್ ಕರ್ನಾಟಕ ಸ್ಟೈಲಲ್ಲಿ ಐದು ದಿನ ಇಡೋಣ. ಬುಧವಾರ ಬರಕ್ಕಾಗ್ದೇ ಇರೋರು ಶನಿವಾರ ಬರ್ತಾರೆ. ಭಾನುವಾರ ವಿಸರ್ಜನೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಶ್ವತ್ಥ ಅವರು ಒಂದು ಮಾತು ಸೇರಿಸಿದರು: "ಒಂದು ವಿಷ್ಯ. ಗಣಪತಿ ಕೂತಿರೋ ಮನೆಗೆ ಬೀಗ ಹಾಕೋ ಹಾಗಿಲ್ಲ. ಐದೂ ದಿನ ಮನೇಲಿ ಜನ ಇರ್ಬೇಕು, ದೀಪ ಆರಬಾರದು."

ಶಾಸ್ತ್ರ ಎಂದು ಶುರುಮಾಡಿದವರು ತಾವೇ. ಈಗ ಶಾಸ್ತ್ರ ಬೇಡ ಎನ್ನಲು ಬಾಯಿ ಎಲ್ಲಿಂದ ಬರಬೇಕು? ವಾಪಸ್ ಬರುವಾಗ ಕಾರಿನಲ್ಲಿ ನಾನು ಹೊಟ್ಟೆ ಹಿಡಿದು ನಕ್ಕೆ. "ವಿನಾಯಕನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಿ," ಎಂದೆ. ಇವರು ರಸ್ತೆ ನೋಡಿಕೊಂಡು ಕಾರು ಓಡಿಸಿದರು. ಸುಮ್ಮನಿದ್ದ ಗಣಪತಿಯನ್ನು ಕರೆದು ತಮ್ಮ ಹಾದಿಗೆ ಅಡ್ಡ ಕೂರಿಸಿಕೊಂಡದ್ದು ಅವರಿಗೂ ತಿಳಿದಿತ್ತು.

ಆದರೂ ಆಗಸ್ಟ್ ಪೂರ್ತಿ ಆಸೆ ಬಿಡಲಿಲ್ಲ. ದಿನಾ ಬೆಳಿಗ್ಗೆ ತಂಡದ ಸುದ್ದಿ ಓದುತ್ತಿದ್ದರು. ಪ್ರಾಕ್ಟೀಸ್‌ನಲ್ಲಿ ಯಾರಿಗೂ ಪೆಟ್ಟಾಗಿಲ್ಲ ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. "ಹೊಸ ಹೆಡ್ ಟ್ರೈನರ್ ಛಲೋ ನೋಡ್ಕೊಳ್ಳಾಕತ್ಯಾಳ ಅಂತ ಬರದಾರ," ಎಂದು ಒಂದು ದಿನ ಓದಿ ಹೇಳಿದರು. ಆ ಟ್ರೈನರ್ ಯಾರೋ ಮೂರನೆಯವಳು ಎಂಬ ಧಾಟಿಯಲ್ಲಿ ಹೇಳಿ, ಅದೇ ಸಾಲನ್ನು ಇನ್ನೊಮ್ಮೆ ಓದಿದರು. ಮೊದಲ ಆಟ ತಮಗಿಂತ ಬಹಳ ದೊಡ್ಡ ತಂಡದ ಮೇಲೆ. ಹೀನಾಯವಾಗಿ ಸೋಲುತ್ತಾರೆ ಎಂದು ಎಲ್ಲರೂ ಬರೆದಿದ್ದರು. ಇವರೊಬ್ಬರೇ ಗೆಲ್ಲುತ್ತಾರೆ ಎನ್ನುತ್ತಿದ್ದರು.

ಬುಧವಾರ ಗಣಪತಿ ಬಂದ. ಬೇಸ್‌ಮೆಂಟ್‌ನಲ್ಲಿ ಸರಿಯಾದ ಜಾಗ ಎಂದರೆ ಟೀವಿ ಇದ್ದ ಗೋಡೆಯೇ. ರವಿಶಂಕರ್ ಬಳಗ ಟೀವಿಗೆ ರೇಷ್ಮೆ ಸೀರೆ ಇಳಿಬಿಟ್ಟು, ಅದರ ಮುಂದೆ ಮಂಟಪ ಕಟ್ಟಿತು. ಇವರು ಪಂಚೆ ಉಟ್ಟು ಎರಡು ಹೊತ್ತು ಆರತಿ ಎತ್ತಿದರು. ಗುರುವಾರ ಮುಗಿಯಿತು. ಶುಕ್ರವಾರ ಸಂಜೆ, ಕೆಳಗೆ ಜನ ಸೇರುತ್ತಿದ್ದಾಗ, ಇವರು ಅಡುಗೆಮನೆಗೆ ಬಂದು ನನ್ನ ಫೋನ್ ಎತ್ತಿಕೊಂಡರು. ಮಗಳ ನಂಬರ್ ಒತ್ತಿದರು. ನಾನು ಕಡುಬು ತುಂಬುತ್ತಿದ್ದವಳು ಕೈ ನಿಲ್ಲಿಸಿದೆ. ಸ್ಪೀಕರ್ ಆಫ್ ಮಾಡಲು ಇವರಿಗೆ ಬರುವುದಿಲ್ಲ, ಹಾಗಾಗಿ ಎಲ್ಲ ಕೇಳಿಸಿತು.

"ಹಾಯ್ ಅಮ್ಮ."

"ನಾನು," ಎಂದರು ಇವರು.

"ಅಪ್ಪ?"

"ನಾಳೆ ಬರಾಕ ಆಗೂದಿಲ್ಲ. ಮನ್ಯಾಗ ಗಣಪತಿ ಕುಂತಾನ. ಬೀಗ ಹಾಕಬಾರ್ದು."

"ಸಿಕ್ಸ್ ಇಯರ್ಸ್ ಆದ್ಮೇಲೆ ಫೋನ್ ಮಾಡಿ ನೀವು... ಬರಲ್ಲ ಅಂತ ಹೇಳೋಕೆ ಫೋನ್ ಮಾಡಿದ್ರಾ?"

"ಹಬ್ಬ ಅದ. ನಾನು ಪ್ರೆಸಿಡೆಂಟ್ ಇದ್ದೀನಿ."

"ಓಕೆ. ಇಟ್ಸ್ ಫೈನ್, ಅಪ್ಪ. ಐ ಹ್ಯಾವ್ ಟು ಗೋ, ಹುಡುಗರು ಕಾಯ್ತಿದಾರೆ."

ಈ ದೇಶದಲ್ಲಿ ಹುಟ್ಟಿದ ಮಕ್ಕಳು ಇಟ್ಸ್ ಫೈನ್ ಎಂದರೆ ಬಾಗಿಲು ಮುಚ್ಚಿತು ಎಂದೇ ಅರ್ಥ. ಇನ್ನೊಮ್ಮೆ ಆಕೆ ಪಾಸ್ ಕಳಿಸುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಇವರು ಫೋನನ್ನು ನೋಡುತ್ತಾ ನಿಂತಿದ್ದರು.

"ನಾ ಮನ್ಯಾಗ ಇರ್ತೀನಲ್ಲ," ಎಂದೆ. "ನಾ ಮನುಷ್ಯಾಳಲ್ಲೇನು? ಬೀಗ ಯಾಕ ಬೀಳ್ತದ?"

"ನಿನಗೂ ಪಾಸ್ ಅದ."

"ನಾ ಏಪ್ರಿಲ್‌ನಾಗ ಆಕಿ ಮನ್ಯಾಗ ಇದ್ದು ಬಂದೀನಿ. ನಿಮಗೂ ಗೊತ್ತದ. ನೀವು ಹೋಗ್ರಿ."

"ಜನಾ ಏನಂತಾರ? ತಿಥಿ ತಿಥಿ ಅಂತ ನಾನ ಹಟ ಹಿಡದು, ನಾನ ಇಲ್ಲಂದ್ರ..."

"ಜನರ ಸುದ್ದಿ ಬಿಡ್ರಿ. ನಿಮಗ ಅಂಜಿಕಿ ಬಂದದ."

ಇವರು ಸ್ಟೂಲಿನ ಮೇಲೆ ಕೂತರು. ಕೆಳಗಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಹೌದು," ಎಂದರು. "ಆಕಿ ಎದುರಿಗೆ ನಿಂತು ಏನ್ ಹೇಳ್ಲಿ ನೀಲಾ? ಆವತ್ತು ಅಂದ ಮಾತು ವಾಪಸ್ ತಗೊಳ್ಳಾಕ ಬರ್ತದೇನು?"

ಮೊದಲು ನನಗೆ ಸಿಟ್ಟು ಬಂತು. ಗಣಪತಿಯನ್ನು ಅಡ್ಡ ಹಿಡಿದುಕೊಂಡು ಹೆದರಿ ಕೂತಿದ್ದಾರಲ್ಲ ಎಂದು. ಹಿಂದೆಯೇ ಅಯ್ಯೋ ಎನಿಸಿತು. ಎಷ್ಟೋ ಸಾವಿರ ಜನರ ಎದೆಯ ಮೇಲೆ ಕೈಯಿಟ್ಟು ಧೈರ್ಯ ಹೇಳಿದವರು ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಹೆಗಲು ಇಳಿಬಿಟ್ಟುಕೊಂಡು ಕೂತಿದ್ದರು. ನಾನು ಕೈ ತೊಳೆದು ಕೆಳಗೆ ಹೋದೆ.

ಆರತಿಗೆ ಎಲ್ಲರೂ ನಿಂತಿದ್ದರು. ನಾನು ಮಂಟಪದ ಪಕ್ಕ ನಿಂತು ಹೇಳಿಬಿಟ್ಟೆ. ನಮ್ಮ ಸೋನಾಲಿ ಡಾಕ್ಟರ್ ಅಲ್ಲ. ಕೆರೊಲೈನಾದಲ್ಲಿ ಒಂದು ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಟ್ರೈನರ್. ಈ ಕೆಲಸದ ಸಲುವಾಗಿ ಅಪ್ಪ ಮಗಳು ಆರು ವರ್ಷದಿಂದ ಮಾತು ಬಿಟ್ಟಿದ್ದಾರೆ. ನಾಳೆ ಅಲ್ಲಿ ಮೊದಲ ಆಟ, ಮಗಳು ಕರೆದಿದ್ದಾಳೆ. ಅದಕ್ಕೇ ಇವರು ಹಬ್ಬವನ್ನು ಬುಧವಾರಕ್ಕೆ ತಳ್ಳಿದ್ದು, ಶಾಸ್ತ್ರಕ್ಕಲ್ಲ. ನಾಳೆ ಪೂಜೆಗೆ ನಾನಿರುತ್ತೇನೆ, ಇವರನ್ನು ಬಿಡಬೇಕು.

ಇವರು ಮೆಟ್ಟಿಲ ಮೇಲೆ, ಅರ್ಧ ಕೆಳಗೆ ಇಳಿದು ನಿಂತಿದ್ದರು. ಮೊದಲು ಬಾಯಿ ತೆಗೆದವರು ಅಶ್ವತ್ಥ.

"ಗುರುಶಾಂತಪ್ಪನೋರೇ, ನೀವು ತಿಥಿ ಅಂದಾಗ್ಲೇ ಏನೋ ಇದೆ ಅಂತ ನಂಗೆ ಅನ್ನಿಸ್ತು. ಕೇಳೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ. ಗಣಪತಿ ಮನೇಲಿ ಜನ ಇರ್ಬೇಕು ಅಂತ ಇದೆಯೇ ಹೊರತು ಪ್ರೆಸಿಡೆಂಟೇ ಇರ್ಬೇಕು ಅಂತ ನಾನೆಲ್ಲೂ ಓದಿಲ್ಲ. ಹೋಗ್ಬನ್ನಿ ಸಾರ್."

ರವಿಶಂಕರ್ ಆಗಲೇ ಫೋನಿನಲ್ಲಿ ವಿಮಾನ ಹುಡುಕುತ್ತಿದ್ದ. "ಅಂಕಲ್, ಡಲ್ಲೆಸ್‌ನಿಂದ ಶಾರ್ಲೆಟ್‌ಗೆ ಮಾರ್ನಿಂಗ್ ಫ್ಲೈಟ್ ಇದೆ, ಬುಕ್ ಮಾಡ್ಲಾ? ಅಲ್ಲಿಂದ ಒಂದು ಗಂಟೆ ಡ್ರೈವ್ ಅಷ್ಟೇ."

ಇವರು ಇಳಿದು ಬಂದು ಆರತಿ ತಟ್ಟೆ ಎತ್ತಿಕೊಂಡರು. ಆ ಸಂಜೆಯ ಆರತಿ ಸ್ವಲ್ಪ ಓರೆಕೋರೆಯಾಗಿ ತಿರುಗಿತು, ಕರ್ಪೂರ ಒಂದೆರಡು ಸಲ ಅಂಚಿಗೆ ಜಾರಿತು.

ಶನಿವಾರ ಬೆಳಿಗ್ಗೆ ಬಿಳಿ ಶರ್ಟ್ ಹಾಕಿಕೊಂಡು, ಮಗಳು ಕಳಿಸಿದ್ದ ಪಾಸ್ ಜೇಬಿಗಿಟ್ಟುಕೊಂಡು ಹೊರಟರು. ಮಗಳಿಗೆ ನಾನೊಂದು ಮೆಸೇಜ್ ಕಳಿಸಿದೆ, ಅಪ್ಪ ಬರುತ್ತಿದ್ದಾರೆ ಎಂದು. ಉತ್ತರ ಬರಲಿಲ್ಲ. ಆಟದ ದಿನ ಅವಳು ಫೋನ್ ನೋಡುವುದಿಲ್ಲ ಎಂದು ಗೊತ್ತಿದ್ದರೂ ನಾನು ಹತ್ತು ಸಲ ನೋಡಿದೆ. ಸಿಟ್ಟು ಮಾಡಿಕೊಂಡು ಗೇಟಿನಲ್ಲೇ ನಿಲ್ಲಿಸಿದರೆ? ನಿಲ್ಲಿಸಿದರೂ ತಪ್ಪಲ್ಲ. ಅದೇ ಯೋಚನೆಯಲ್ಲಿ ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು.

ಮಧ್ಯಾಹ್ನ ಪೂಜೆ ಮುಗಿದ ಮೇಲೆ ಬಂದವರಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ. ಮೇಲಿನ ಚಿಕ್ಕ ಟೀವಿಯ ಮುಂದೆ, ಕೈಯಲ್ಲಿ ಊಟದ ತಟ್ಟೆ ಹಿಡಿದು ಕೂತರು. ಎರಡೇ ಕ್ಯಾಮೆರಾ, ಇರುವೆಗಳ ಹಾಗೆ ಮನುಷ್ಯರು. ರವಿಶಂಕರ್ ಆಟ ವಿವರಿಸುತ್ತಿದ್ದ. ಕೊಕ್ಕರೆಗಳು ಯಾರೂ ಅಂದುಕೊಳ್ಳದ ಹಾಗೆ ಆಡುತ್ತಿದ್ದವಂತೆ. ನನಗೆ ಆಟ ಬೇಕಿರಲಿಲ್ಲ. ಬಿಳಿ ಶರ್ಟ್ ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ಅಲ್ಲಿ ಎಲ್ಲರದೂ ಬಿಳಿ ಶರ್ಟೇ.

ಮೂರನೆಯ ಭಾಗದಲ್ಲಿ ನಮ್ಮ ಹುಡುಗನೊಬ್ಬ ಬಿದ್ದ. ನೀಲಿ ಅಂಗಿಯ ಚುಕ್ಕೆಯೊಂದು ಅಂಚಿನಿಂದ ಓಡಿ ಬಂತು.

"ಅದು ಸೋನಾಲಿನಾ?" ಎಂದರು ಅಶ್ವತ್ಥ, ಮುಂದೆ ಬಗ್ಗಿ.

"ಹೌದು. ನನ್ನ ಮಗಳು. ಹೆಡ್ ಟ್ರೈನರ್." ಆ ಮಾತನ್ನು ಹತ್ತು ಜನರ ಮುಂದೆ ಹೆಮ್ಮೆಯಿಂದ ಹೇಳಿದ್ದು ಅದೇ ಮೊದಲು. ಹುಡುಗ ಎದ್ದು ನಿಂತಾಗ ನಮ್ಮ ಮನೆಯಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು.

ಕೊಕ್ಕರೆಗಳು ಮೂರು ಪಾಯಿಂಟ್‌ನಿಂದ ಸೋತವು. ಅಷ್ಟು ದೊಡ್ಡ ತಂಡದ ಮೇಲೆ ಅಷ್ಟು ಹತ್ತಿರ ಬಂದದ್ದೇ ಹೆಚ್ಚು ಎಂದು ಸ್ಟೇಡಿಯಂನಲ್ಲಿ ಜನ ಎದ್ದು ನಿಂತು ತಮ್ಮ ಹುಡುಗರಿಗೆ ಬಹಳ ಹೊತ್ತು ಚಪ್ಪಾಳೆ ಹೊಡೆದರು. ಸಂಜೆಯ ಆರತಿಗೆ ಎಲ್ಲರೂ ಕೆಳಗೆ ಇಳಿಯುತ್ತಿದ್ದಾಗ ನನ್ನ ಫೋನ್ ರಿಂಗಾಯಿತು. ಸೋನಾಲಿ. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಅಮ್ಮ." ಹಿಂದೆ ಜನರ ಗದ್ದಲ. "ಅಪ್ಪ ಬಂದಿದಾರೆ."

"ಮಾತಾಡಿದ್ರೇನು?"

"ಫಸ್ಟ್ ಏನೂ ಇಲ್ಲ. ಗೇಮ್ ಆದ್ಮೇಲೆ ಫೆನ್ಸ್ ಹತ್ರ ಬಂದು ನಿಂತಿದ್ರು. ಸ್ಮೈಲ್ ಮಾಡ್ತಾ. ನಮ್ಮ ಹೆಡ್ ಕೋಚ್‌ಗೆ ಶೇಕ್‌ಹ್ಯಾಂಡ್ ಮಾಡಿ, ಕಂಗ್ರ್ಯಾಚುಲೇಷನ್ಸ್ ಆನ್ ದ ವಿನ್ ಅಂದ್ರು! ಅಮ್ಮ, ವಿ ಲಾಸ್ಟ್! ಕೋಚ್‌ಗೆ ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ."

ನನಗೆ ನಗು ಬಂತು. ಅವಳು ನಗುತ್ತಿರಲಿಲ್ಲ.

"ಜನ ಕ್ಲ್ಯಾಪ್ ಮಾಡಿದ್ರಲ್ಲ, ಅದಕ್ಕೆ ಗೆದ್ವಿ ಅಂದ್ಕೊಂಡ್ರಂತೆ. ಸ್ಕೋರ್‌ಬೋರ್ಡ್ ಅಷ್ಟು ದೊಡ್ಡದಿದೆ, ನೋಡೇ ಇಲ್ಲ. ಪಕ್ಕದಲ್ಲಿ ಕೂತಿದ್ದೋರು ಹೇಳಿದ್ರು, ಆ ಕಡೆ ಟೀಮ್ ಟಚ್‌ಡೌನ್ ಮಾಡ್ದಾಗ್ಲೂ ಇವ್ರು ಕ್ಲ್ಯಾಪ್ ಮಾಡಿದ್ರಂತೆ. ಬಟ್ ಅಮ್ಮ, ಅವ್ರು ನನಗೆ ಹೇಳ್ತಾರೆ, ನಿನ್ನ ಫಸ್ಟ್ ಇಯರ್‌ನಿಂದ ಒಂದು ಗೇಮೂ ಬಿಟ್ಟಿಲ್ಲ ಅಂತ. ಇಟ್ಸ್ ಎ ಲೈ, ರೈಟ್? ನನಗೆ ಖುಷಿ ಆಗ್ಲಿ ಅಂತ ಹೇಳ್ತಿದಾರೆ."

"ಸುಳ್ಳಲ್ಲ. ಒಂದೂ ಬಿಟ್ಟಿಲ್ಲ."

"ಹಾಗಾದ್ರೆ ಹೇಗೆ ಏನೂ ಗೊತ್ತಿಲ್ಲ? ಸಿಕ್ಸ್ ಇಯರ್ಸ್ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಏನ್ ನೋಡ್ತಿದ್ರು ಅವ್ರು?"

ಹೇಳಬೇಡ ಎಂದಿದ್ದರು. ಆರು ವರ್ಷ ಹೇಳಿರಲಿಲ್ಲ.

"ಆಟ ನೋಡ್ತಿರ್ಲಿಲ್ಲ ಸೋನಾ. ಹುಡುಗ್ರು ಬಿದ್ದಾಗ ನೀ ಓಡಿ ಬರ್ತೀಯಲ್ಲ, ಅದನ್ನಷ್ಟ ನೋಡ್ತಿದ್ರು. ನೀ ಹೋದಕೂಡ್ಲೇ ಪುಸ್ತಕ ಹಿಡೀತಿದ್ರು. ಟೀವಿಯವರು ನಿನ್ನ ಮುಖ ಛಂದಂಗ ತೋರಸ್ಲಿ ಅಂತ ನಿಮ್ಮ ತಂಡ ಗೆಲ್ಬೇಕಾಗಿತ್ತು ಅವರಿಗಿ."

ಆ ಕಡೆ ಯಾರೋ ಯಾರನ್ನೋ ಕೂಗುವ ಸದ್ದು. ನಾನು ಎರಡು ಸಲ ಅವಳ ಹೆಸರು ಹಿಡಿದು ಕರೆದೆ. ಆಮೇಲೆ ಫೋನ್ ಕಿವಿಯಿಂದ ದೂರ ಹೋದ ಹಾಗಾಯಿತು, ಹುಲ್ಲಿನ ಮೇಲೆ ಓಡುವ ಹೆಜ್ಜೆಗಳು ಕೇಳಿಸಿದವು.

"ಅಪ್ಪಾ!" ಎಂದು ಅವಳು ಕೂಗಿದಳು, ನನಗಲ್ಲ. "ಅಪ್ಪಾ, ನಿಂತ್ಕೊಳ್ಳಿ, ಹೋಗ್ಬೇಡಿ!"

ಫೋನ್ ಕಟ್ ಮಾಡುವುದನ್ನು ಅವಳು ಮರೆತಿದ್ದಳು. ಮುಂದಿನದು ಅವರಿಬ್ಬರದು ಎಂದು ನಾನೇ ಕಟ್ ಮಾಡಿದೆ.